ಮಲಕಾರಿಗೆ ಮೂರು ಸಲ ಹೇಳಿದ್ದು

ತರಬೇತಿಯ ಆರನೇ ವಾರದ ಪಾಠದ ಹೆಸರು ‘ಕಠಿಣ ಮಾತು’. ನಮ್ಮ ತಂಡದ ಒಬ್ಬ ಆಟಗಾರನಿಗೆ, ಅವನು ಕೇಳಲು ಬಯಸದ ಸತ್ಯವೊಂದನ್ನು ಎದುರು ಕೂತು ಹೇಳಬೇಕು. ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ಶನಿವಾರದೊಳಗೆ ಕಳಿಸಬೇಕು. ಹತ್ತು ನಿಮಿಷ ಮೀರಬಾರದು.

ಕಲಿಸುತ್ತಿದ್ದವರು ಬೆಳಗಾವಿಯ ಕಾಂಚನ ಮೇಡಮ್. ವಾರಕ್ಕೆ ಎರಡು ದಿನ, ಸಂಜೆ ಏಳಕ್ಕೆ, ಮೊಬೈಲಿನ ಪರದೆಯ ಮೇಲೆ ಬರುತ್ತಿದ್ದರು. ನಾವು ಮೂವತ್ತೆಂಟು ಜನ ಫುಟ್ಬಾಲ್ ಕೋಚ್‌ಗಳು ಸಣ್ಣ ಸಣ್ಣ ಚೌಕಗಳಲ್ಲಿ ಕೂತು ಕೇಳುತ್ತಿದ್ದೆವು. ಕಠಿಣ ಮಾತಿಗೆ ನಾಲ್ಕು ಹೆಜ್ಜೆ ಎಂದು ಅವರು ಬರೆಸಿದರು. ಮೊದಲು ಮೆಚ್ಚುಗೆ, ಆಮೇಲೆ ಸತ್ಯ, ಆಮೇಲೆ ಏಳು ಸೆಕೆಂಡು ಮೌನ, ಕೊನೆಗೆ ಕೈಕುಲುಕುವುದು. “ಮೌನದಾಗ ನೀವು ಬಾಯಿ ತೆಗೀಬಾರದು. ಎದುರಿನವರ ಮನಸ್ಸು ಆಗ ಹೊರಗ ಬರತೈತಿ. ನನಗ ಅದು ಕಾಣಬೇಕು,” ಎಂದರು. ಸಂಜೆ ಕಾಲೇಜಿನಲ್ಲಿ ಓದುವಾಗ ಮಾಡುತ್ತಿದ್ದಂತೆ ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ನಾನು ಬಾಳೇಶ. ಹಗಲು ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ತೂಕ ಬರೆಯುತ್ತೇನೆ. ಪಾಳಿ ಮುಗಿದ ಮೇಲೆ ನಮ್ಮ ತಾಲೀಮಿನ ತಂಡಕ್ಕೆ ಕೋಚ್. ನಮ್ಮ ಕಡೆ ತಾಲೀಮುಗಳೇ, ಅಂದರೆ ಕುಸ್ತಿಯ ಗರಡಿಮನೆಗಳೇ, ಫುಟ್ಬಾಲ್ ತಂಡಗಳನ್ನೂ ಸಾಕುತ್ತವೆ. ತಾಲೀಮಿನ ಅಧ್ಯಕ್ಷರು ಮುರಗೆಪ್ಪಣ್ಣ, ದ್ರಾಕ್ಷಿ ತೋಟದವರು. ಮುಂದಿನ ವರ್ಷದಿಂದ ಸರ್ಟಿಫಿಕೇಟ್ ಇಲ್ಲದ ಕೋಚ್‌ಗಳನ್ನು ನಿಪ್ಪಾಣಿಯ ಟೂರ್ನಮೆಂಟಿನಲ್ಲಿ ಬೆಂಚಿನ ಮೇಲೆ ಕೂಡಲು ಬಿಡುವುದಿಲ್ಲವಂತೆ ಎಂಬ ಸುದ್ದಿ ಬಂದಾಗ ಅವರು ನನ್ನನ್ನು ಕರೆದು, “ಬಾಳೇಶ, ನಿನ್ನ ಕಡೆ ಆಗತೈತೇನ ನೋಡು. ಇಲ್ಲಾಂದ್ರ ಕೊಲ್ಲಾಪುರದಿಂದ ಒಬ್ಬನ್ನ ತರಸ್ತೀನಿ,” ಎಂದಿದ್ದರು. ಆಗುತ್ತದೆ ಎಂದು ನಾನು ಹೇಳಿದ್ದೆ.

ಕಠಿಣ ಮಾತು ಯಾರಿಗೆ ಹೇಳಬೇಕೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಮುರಗೆಪ್ಪಣ್ಣನ ಮಗ ವಿಶ್ವಾಸ ನಮ್ಮ ಫಾರ್ವರ್ಡ್. ವಾರಕ್ಕೊಮ್ಮೆ ಪ್ರ್ಯಾಕ್ಟೀಸಿಗೆ ಬಂದರೆ ಹೆಚ್ಚು. ಚೆಂಡು ತಡವಾಗಿ ಕೊಟ್ಟನೆಂದು ಎರಡನೇ ಗೋಲ್‌ಕೀಪರ್ ಈಶ್ವರನ ಕಪಾಳಕ್ಕೆ ಎಲ್ಲರೆದುರು ಹೊಡೆದಿದ್ದ. ವಿಡಿಯೋ ಜೊತೆ ಕಳಿಸಬೇಕಾದ ಫಾರಮ್ಮಿನಲ್ಲಿ ವಿಶ್ವಾಸನ ಹೆಸರು ಬರೆದೆ. ಅವನು ಹೇಗೆ ನಗುತ್ತಾನೆ, ಆಮೇಲೆ ಮನೆಗೆ ಹೋಗಿ ಅಪ್ಪನೆದುರು ಏನು ಹೇಳುತ್ತಾನೆ ಎಂದು ಎರಡು ದಿನ ಯೋಚಿಸಿದೆ. ಮೂರನೇ ದಿನ ಆ ಹೆಸರು ಅಳಿಸಿ ಮಲಕಾರಿ ಎಂದು ಬರೆದೆ. ಮಲಕಾರಿ ಯಾರಿಗೂ ಎದುರು ಮಾತಾಡಿದವನಲ್ಲ.

ಮಲಕಾರಿ ಹದಿನಾಲ್ಕು ವರ್ಷದಿಂದ ನಮ್ಮ ಗೋಲ್‌ಕೀಪರ್. ವಯಸ್ಸು ಮೂವತ್ನಾಲ್ಕು. ಎರಡು ಎಕರೆ ಹೊಲ, ಎಂಬತ್ತು ಕುರಿ. ಪ್ರತಿ ವರ್ಷ ದೀಪಾವಳಿ ಮುಗಿದ ಕೂಡಲೇ ಹೆಂಡತಿಯ ಜೊತೆ ಕುರಿ ಹೊಡೆದುಕೊಂಡು ಮೇವು ಹುಡುಕಿ ದೂರ ಹೊರಟುಬಿಡುತ್ತಿದ್ದ. ಆದ್ದರಿಂದ ಚಳಿಗಾಲದ ಫೈನಲ್ ಒಂದನ್ನೂ ಅವನು ಆಡಿರಲಿಲ್ಲ. ಈ ವರ್ಷ ಕುರಿಗಳನ್ನು ಹೆಂಡತಿ ರಾಮವ್ವ ಮತ್ತು ಅವಳ ಅಣ್ಣ ಭೀಮಸಿಯ ಕೈಗೆ ಒಪ್ಪಿಸಿ ಒಬ್ಬನೇ ಊರಲ್ಲಿ ಉಳಿದಿದ್ದ. ನಿಪ್ಪಾಣಿಯ ಸೆಮಿಫೈನಲ್‌ನಲ್ಲಿ ಎರಡು ಪೆನಾಲ್ಟಿ ಹಿಡಿದ. ನನ್ನ ಮೊಬೈಲಿನಲ್ಲಿ ಅದರ ವಿಡಿಯೋ ಇತ್ತು. “ಸರ, ಅದನ್ನ ನಮ್ಮ ಭೀಮಸಿ ಮೊಬೈಲಿಗಿ ಕಳಸ್ರಿ. ರಾಮವ್ವ ನನ್ನ ಆಟ ಒಮ್ಮೀನೂ ನೋಡಿಲ್ರಿ,” ಎಂದು ಕೇಳಿದ್ದ. ಕಳಿಸುತ್ತೇನೆ ಎಂದಿದ್ದೆ. ಕಳಿಸಿರಲಿಲ್ಲ.

ಅವನಿಗೆ ಹೇಳಬಹುದಾದ ಸತ್ಯ ಯಾವುದು ಎಂದು ಹುಡುಕಬೇಕಾಯಿತು. ವಯಸ್ಸಾಗಿದೆ, ಎಡಗಡೆ ಜಿಗಿಯುವಾಗ ತುಸು ತಡವಾಗುತ್ತದೆ, ಆದ್ದರಿಂದ ಫೈನಲ್‌ಗೆ ಈಶ್ವರನನ್ನು ನಿಲ್ಲಿಸುತ್ತೇನೆ ಎಂದು ಬರೆದುಕೊಂಡೆ. ವಿಡಿಯೋ ಕಳಿಸಿದ ಮೇಲೆ ಅವನಿಗೆ ಎಲ್ಲ ತಿಳಿಸಿ ಹೇಳಿದರಾಯಿತು, ಫೈನಲ್‌ಗೆ ಅವನೇ ನಿಲ್ಲುತ್ತಾನೆ ಎಂದುಕೊಂಡಿದ್ದೆ. ಇದು ಸುಳ್ಳಲ್ಲ. ಆಗ ಹಾಗೆಯೇ ಅಂದುಕೊಂಡಿದ್ದೆ.

ಗುರುವಾರ ಅರ್ಧ ದಿನ ರಜೆ ಹಾಕಿ, ಮಧ್ಯಾಹ್ನ ತಾಲೀಮಿನ ಕಟ್ಟೆಯ ಮೇಲೆ ಅವನನ್ನು ಕೂಡಿಸಿ, ಮೊಬೈಲನ್ನು ಎದುರಿನ ಕಿಟಕಿಗೆ ಆನಿಸಿ ನಿಲ್ಲಿಸಿದೆ. ತರಬೇತಿಯ ಕೆಲಸ, ಸ್ವಲ್ಪ ಮಾತಾಡಬೇಕು ಎಂದಷ್ಟೇ ಹೇಳಿದೆ. ಅವನು ಟವೆಲ್‌ನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತ.

ಮೆಚ್ಚುಗೆ ಹೇಳುವಾಗ ಅವನಿಗೆ ನಾಚಿಕೆಯಾಯಿತು. “ಬಿಡ್ರಿ ಸರ,” ಎಂದ. ನಾನು ಸತ್ಯ ಹೇಳಿದೆ. ಆಮೇಲೆ ಸುಮ್ಮನಾದೆ. ಒಂದು, ಎರಡು, ಮೂರು.

ನಾಲ್ಕಕ್ಕೆ ಅವನು ಮಾತಾಡಿದ. “ನಾ ಕುರಿ ಬಿಟ್ಟ ಉಳದೀನ್ರಿ ಸರ. ಇದೊಂದ ಆಟದ ಸಲುವಾಗಿ. ರಾಮವ್ವ ನಾ ಇಲ್ದ ಕುರಿ ಹಿಂದ ನಡ್ಯಾಕತ್ತಾಳ, ಬ್ಯಾಡ ಅನ್ಲಿಲ್ರಿ ಆಕಿ. ಹೋಗು, ಒಮ್ಮಿ ಆಡಿ ಬಾ ಅಂದ್ಲು.”

ಆ ಮಾತಿನ ಮೇಲೆಯೇ ಕಾರ್ಖಾನೆಯ ನಾಲ್ಕು ಗಂಟೆಯ ಭೋಂಗಾ ಕೂಗಿತು. ಕೂಗಿ ನಿಂತಾಗ ಅವನು ತಲೆ ತಗ್ಗಿಸಿದ್ದ. ನಾನು ಕೈ ಚಾಚಿದೆ. ಕೊಟ್ಟ.

ವಿಡಿಯೋ ಹಾಕಿ ನೋಡಿದೆ. ಅವನ ತುಟಿಗಳು ಅಲ್ಲಾಡುತ್ತಿದ್ದವು, ಕೇಳುತ್ತಿದ್ದದ್ದು ಭೋಂಗಾ ಮಾತ್ರ.

“ಮಲಕಾರಿ, ಇನ್ನೊಮ್ಮೆ ಮಾಡೂಣು. ನಿನ್ನ ಮಾತು ಬಂದಿಲ್ಲ.”

“ಯಾವ ಮಾತ್ರಿ?”

“ಕುರಿದು. ರಾಮವ್ವ ಅಂದದ್ದು. ಅದನ್ನ ಮತ್ತ ಹೇಳು. ನಾ ಸುಮ್ಮನಾದ ಕೂಡಲೇ ಹೇಳ್ಬ್ಯಾಡ, ಮನಸಿನ್ಯಾಗ ನಾಕ ಎಣಸು, ಆಮ್ಯಾಲ ಹೇಳು.”

ಅವನು ನನ್ನ ಮುಖ ನೋಡಿದ. “ಆತ್ರಿ,” ಎಂದ.

ಎರಡನೇ ಸಲ ಅವನಿಗೆ ನಾಚಿಕೆಯಾಗಲಿಲ್ಲ. ನಾನು ಸತ್ಯ ಹೇಳಿದೆ. ಅವನು ಎಣಿಸುವುದು ಬೆರಳುಗಳಲ್ಲಿ ಕಾಣುತ್ತಿತ್ತು. “ನಾ ಕುರಿ ಬಿಟ್ಟ ಉಳದೀನ್ರಿ ಸರ,” ಎಂದು ಶುರು ಮಾಡಿದ. ಪಾಠ ಒಪ್ಪಿಸುವವರಂತೆ ಎಲ್ಲವನ್ನೂ ಹೇಳಿದ. ಕೈಕುಲುಕಿದೆವು. ನೋಡಿದರೆ ವಿಡಿಯೋ ಅರ್ಧಕ್ಕೇ ನಿಂತಿತ್ತು. ಮೊಬೈಲಿನಲ್ಲಿ ಜಾಗ ಇಲ್ಲ ಎಂದು ಬರೆದು ಬಂತು.

ನಾನು ಕೂತು ಅಳಿಸತೊಡಗಿದೆ. ತರಬೇತಿಯ ಪಾಠಗಳನ್ನು ಪರೀಕ್ಷೆ ಮುಗಿಯುವವರೆಗೆ ಅಳಿಸುವಂತಿರಲಿಲ್ಲ. ಉಳಿದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸೆಮಿಫೈನಲ್. ಮಲಕಾರಿ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ. ಅವನಿಗೆ ಓದಲು ಬರುತ್ತದೆ, ಆದರೆ ಪರದೆಯ ಮೇಲಿನ ಇಂಗ್ಲಿಷ್ ಬರುವುದಿಲ್ಲ. ಅಳಿಸಿದೆ.

ಅಷ್ಟರಲ್ಲಿ ವಿಶ್ವಾಸ ಬೈಕಿನ ಮೇಲೆ ಬಂದು ನಿಂತ. “ಏನ್ ಶೂಟಿಂಗ್ ಐತಲೇ ಮಲಕಾರಿ? ಹೀರೋ ಆದಿ?”

“ಸರ ನನ್ನ ತಗದಾರಪಾ ಫೈನಲ್‌ದಾಗಿಂದ,” ಎಂದ ಮಲಕಾರಿ. “ಎರಡ ಸಲ ತಗದ್ರು. ಇನ್ನೊಮ್ಮಿ ತಗೀತಾರ.”

ವಿಶ್ವಾಸ ಟ್ಯಾಂಕಿನ ಮೇಲೆ ಬಿದ್ದು ನಕ್ಕ. “ಹದಿನಾಕ ವರ್ಷದಾಗ ನಿನ್ನ ಯಾರೂ ತಗೀಲಿಲ್ಲ, ಒಂದ ತಾಸಿನ್ಯಾಗ ಮೂರ ಸಲ ಆತಲ್ಲೋ!” ಎನ್ನುತ್ತ ಗಾಡಿ ತಿರುಗಿಸಿಕೊಂಡು ಹೋದ.

ಮಲಕಾರಿಯೂ ಸ್ವಲ್ಪ ನಕ್ಕಿದ್ದ. ನಗು ಹೋದ ಮೇಲೆ ಮೆಲ್ಲಗೆ ಕೇಳಿದ. “ಸರ, ಇದು ಖರೇ ಐತೇನ್ರಿ, ಇಲ್ಲಾ ನಿಮ್ಮ ಪರೀಕ್ಷಾಕ್ಕಷ್ಟ?”

ಪರೀಕ್ಷೆಗಷ್ಟೇ ಎಂದು ನನ್ನ ಬಾಯಿಗೆ ಬಂದಿತ್ತು. ಆದರೆ ಫಾರಮ್ಮಿನ ಕೊನೆಯಲ್ಲಿ ಒಂದು ಸಾಲು ಇತ್ತು. ಇದು ನಟನೆಯಲ್ಲ, ನಿಜವಾದ ನಿರ್ಧಾರ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಅವನಿಗೆ ಗೊತ್ತಾದರೆ ಅವನ ಮುಖದಲ್ಲಿ ಅದು ಕಾಣುತ್ತದೆ, ಮೇಡಮ್ ಹಿಡಿಯುತ್ತಾರೆ ಎಂದು ಹೆದರಿದೆ.

“ನೋಡೂಣು,” ಎಂದೆ.

ಅವನು ಅದನ್ನು ಹೇಗೆ ತಿಳಿದುಕೊಂಡನೆಂದು ಮೂರನೇ ಸಲ ಗೊತ್ತಾಯಿತು. ಚೆನ್ನಾಗಿ ಮಾಡಿದರೆ ನಿಲ್ಲಿಸಿಕೊಳ್ಳುತ್ತೇನೆ ಎಂದು ತಿಳಿದಿದ್ದ. ಮೆಚ್ಚುಗೆಗೆ ಕೈಮುಗಿದ. ಸತ್ಯಕ್ಕೆ ತಲೆದೂಗಿದ. ಏಳು ಸೆಕೆಂಡಿನಲ್ಲಿ ನಾಲ್ಕನ್ನು ಸರಿಯಾಗಿ ಎಣಿಸಿ ಕುರಿಯ ಮಾತು, ರಾಮವ್ವನ ಮಾತು ಎರಡನ್ನೂ ಹೇಳಿದ. ಆಮೇಲೆ ನಾನು ಹೇಳಿಕೊಡದ ಮಾತೊಂದನ್ನು ತಾನೇ ಸೇರಿಸಿದ. “ಸರ ವಿಚಾರ ಮಾಡೇ ಹೇಳ್ಯಾರ. ತಂಡ ದೊಡ್ಡದ್ರಿ, ನಾ ಏನ್ ದೊಡ್ಡಾಂವಲ್ಲ.” ಕೈಕುಲುಕುವಾಗ ಕ್ಯಾಮೆರಾದ ಕಡೆ ತಿರುಗಿ ನಕ್ಕ.

“ಈ ಸಲ ಚಲೋ ಬಂತೇನ್ರಿ?” ಎಂದು ಕೇಳಿದ.

ಚೆನ್ನಾಗಿ ಬಂದಿತ್ತು. ಸಹಿ ಹಾಕಿ ಕಳಿಸಿದೆ.

ಶನಿವಾರದ ಪಾಠದಲ್ಲಿ ಮೇಡಮ್ ಅದನ್ನು ಮೂವತ್ತೆಂಟು ಜನಕ್ಕೂ ತೋರಿಸಿದರು. “ಬಾಳೇಶ ಅವರ ಮೌನ ನೋಡ್ರಿ. ಆ ಮನುಷ್ಯಾ ತಾನಾಗೇ ಒಪ್ಕೊಂಡ. ನಾಯಕತ್ವ ಅಂದ್ರ ಇದು,” ಎಂದರು. ಚೌಕಗಳಲ್ಲಿ ಚಪ್ಪಾಳೆಯ ಚಿತ್ರಗಳು ಹಾರಿದವು. ನನ್ನ ಬದುಕಿನಲ್ಲಿ ಯಾವ ತರಗತಿಯಲ್ಲೂ ನನ್ನ ಹೆಸರು ಹೀಗೆ ಕೇಳಿಬಂದಿರಲಿಲ್ಲ. ಕೊನೆಯಲ್ಲಿ ಮೇಡಮ್, ನಿರ್ಧಾರ ಜಾರಿಯಾದದ್ದಕ್ಕೆ ಮುಂದಿನ ಪಂದ್ಯ ಶುರುವಾಗುವ ಮುಂಚೆ ಮೈದಾನಕ್ಕಿಳಿದ ಹನ್ನೊಂದು ಜನರ ಫೋಟೋ ಕಳಿಸಬೇಕು, ಅದಾದ ಮೇಲೆಯೇ ಸರ್ಟಿಫಿಕೇಟ್ ಎಂದರು. ಮುಂದಿನ ಪಂದ್ಯ ಎಂದರೆ ಫೈನಲ್.

ನಾನು ಮೇಡಮ್‌ಗೆ ಫೋನ್ ಮಾಡಿ ಇದ್ದದ್ದನ್ನು ಹೇಳಬಹುದಿತ್ತು. ಏಳು ದಿನ ಇದ್ದವು. ದಿನಾ ಕಾಟಾದಲ್ಲಿ ಕೂತು, ಊಟವಾದ ಮೇಲೆ ಮಾಡುತ್ತೇನೆ, ಪಾಳಿ ಮುಗಿದ ಮೇಲೆ ಮಾಡುತ್ತೇನೆ ಎಂದುಕೊಂಡೆ.

ಫೈನಲ್ ದಿನ ಕ್ರೂಸರ್ ಗಾಡಿಯಲ್ಲಿ ಮಲಕಾರಿಯೂ ನಿಪ್ಪಾಣಿಗೆ ಬಂದ. ಗ್ಲೌಸಿನ ಚೀಲ ತೊಡೆಯ ಮೇಲಿತ್ತು. ಚಿಕ್ಕೋಡಿ ದಾಟುವಾಗ ಈಶ್ವರ ಗಾಡಿ ನಿಲ್ಲಿಸಿ ರಸ್ತೆಯ ಬದಿಗೆ ವಾಂತಿ ಮಾಡಿಕೊಂಡ. ಮೈದಾನ ಮುಟ್ಟಿದಾಗ ಮತ್ತೊಮ್ಮೆ.

“ಸರ, ನಂಗ ಆಗೂದಿಲ್ರಿ. ಮಲಕಾರಿ ಕಾಕಾನ್ನ ನಿಲ್ಲಸ್ರಿ, ನಿಮ್ಮ ಕಾಲ ಬೀಳ್ತೀನಿ,” ಎಂದ ಈಶ್ವರ. ಅವನಿನ್ನೂ ಹತ್ತೊಂಬತ್ತರ ಹುಡುಗ.

ಮುರಗೆಪ್ಪಣ್ಣ ಬಂದರು. “ಬಾಳೇಶ, ಏನಿದು? ಮಲಕಾರಿನ್ನ ಇಳಸು. ಇವನ ಮಾರಿ ನೋಡು, ಬಿಳಚಿಕೊಂಡೈತಿ.”

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಮಲಕಾರಿ ಆಗಲೇ ಚೀಲದ ಜಿಪ್ಪು ಎಳೆದು ಒಂದು ಗ್ಲೌಸು ಹಾಕಿಕೊಂಡಿದ್ದ. ಇನ್ನೊಂದನ್ನು ಹಲ್ಲಿನಲ್ಲಿ ಹಿಡಿದಿದ್ದ.

“ನಿರ್ಧಾರ ಆಗೇತ್ರಿ ಅಣ್ಣಾರ,” ಎಂದೆ. “ಈಶ್ವರನ ನಿಲ್ತಾನ.” ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು, ಪಾಠದಲ್ಲಿ ಕಲಿಸಿದಷ್ಟು ಗಟ್ಟಿ, ಪಾಠದಲ್ಲಿ ಕಲಿಸಿದಷ್ಟು ಮೆತ್ತಗೆ. ಮುರಗೆಪ್ಪಣ್ಣ ಒಂದು ಹೆಜ್ಜೆ ಹಿಂದೆ ಸರಿದರು.

“ಬಾಳೇಶ ಸರ ಲೀಡರ್ ಆಗ್ಯಾರಪೋ!” ಎಂದ ವಿಶ್ವಾಸ.

ಆಮೇಲೆ ಸುಮ್ಮನಾದೆ. ಎಣಿಸಬೇಕೆಂದಿರಲಿಲ್ಲ, ಆದರೂ ಎಣಿಸುತ್ತಿದ್ದೆ. ನಾಲ್ಕಕ್ಕೆ ಮಲಕಾರಿ ಹಲ್ಲಿನಿಂದ ಗ್ಲೌಸು ತೆಗೆದ.

“ಸರ ವಿಚಾರ ಮಾಡೇ ಹೇಳ್ಯಾರ,” ಎಂದ. “ತಂಡ ದೊಡ್ಡದ್ರಿ.” ಎರಡೂ ಗ್ಲೌಸುಗಳನ್ನು ತಾನೇ ಈಶ್ವರನ ಕೈಗೆ ತೊಡಿಸಿ ಪಟ್ಟಿ ಬಿಗಿದ. “ಅಂಜಬ್ಯಾಡಲೇ. ಚೆಂಡ ನೋಡು, ಮಂದೀನ್ನ ನೋಡಬ್ಯಾಡ.” ಆಮೇಲೆ ನನ್ನ ಕಡೆ ತಿರುಗಿದ. “ಸರ, ಈಗ ಮುಗೀತಲ್ರಿ? ಇನ್ನೊಮ್ಮಿ ಹೇಳೂದ ಐತೇನ?”

ಇಲ್ಲ ಎಂದೆ. ಹನ್ನೊಂದು ಜನರನ್ನು ನಿಲ್ಲಿಸಿ ಫೋಟೋ ತೆಗೆದು ಬೆಳಗಾವಿಗೆ ಕಳಿಸಿದೆ.

ನಾವು ಸೋತಿದ್ದರೆ ಊರವರು ನನ್ನನ್ನು ಬೈಯುತ್ತಿದ್ದರು. ಆದರೆ ಗೆದ್ದೆವು. ವಿಶ್ವಾಸ ಒಂದು ಗೋಲು ಹೊಡೆದ. ಈಶ್ವರನ ಕೈಗೆ ಆಟವಿಡೀ ಬಂದದ್ದು ಎರಡೇ ಚೆಂಡು, ಎರಡೂ ಮೆತ್ತಗಿನವು. ಮುರಗೆಪ್ಪಣ್ಣ ನನ್ನ ತಲೆಗೆ ಮುಷ್ಟಿ ತುಂಬ ಗುಲಾಲು ಸುರಿದು, “ಓದಿದ ಮನಷ್ಯಾನ ಲೆಕ್ಕಾನ ಬ್ಯಾರೆ ನೋಡ್ರೋ!” ಎಂದು ಕೂಗಿದರು. ಕಪ್ಪಿನೊಂದಿಗೆ ಎಲ್ಲರೂ ನಿಂತಾಗ ಫೋಟೋ ತೆಗೆಯಲು ಯಾರೂ ಇರಲಿಲ್ಲ. ಮಲಕಾರಿ ಬಂದು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡ. ಕಟ್ಟೆಯ ಮೇಲೆ ಕೂತ ದಿನವೇ ಅವನು ನನ್ನನ್ನು ನೋಡಿ ಮೊಬೈಲು ಬಳಸುವುದನ್ನು ಕಲಿತಿದ್ದ.

ಫೋಟೋ ಮುಗಿದ ಮೇಲೂ ಅವನು ಮೊಬೈಲು ಕೊಡಲಿಲ್ಲ. ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಿದ್ದ.

“ನಾಳೆ ಮುಂಜಾನೆ ಕುರಿಗಿ ಹೋಗ್ತೀನ್ರಿ ಸರ. ಅವು ತೆಲಸಂಗದ ಆಚೀಕ ಅದಾವು. ಆ ಸೆಮಿಫೈನಲ್ ವಿಡಿಯೋ ಈಗ ಕಳಸ್ರಿ. ಹುಡುಕಾಕತ್ತೀನಿ, ಸಿಗವಲ್ದು.”

“ಅದು ಹೋಗೇತಿ, ಮಲಕಾರಿ,” ಎಂದೆ. “ಜಾಗಾ ಇರ್ಲಿಲ್ಲ.”

ಅವನು ಮೊಬೈಲನ್ನೇ ನೋಡುತ್ತಿದ್ದ. ಅವತ್ತು ಪಕ್ಕದಲ್ಲಿ ಬಗ್ಗಿ ನೋಡಿದ್ದು ನೆನಪಾಗಿರಬೇಕು. ಇನ್ನೂ ಸ್ವಲ್ಪ ಸರಿಸಿ ಒಂದು ಕಡೆ ನಿಲ್ಲಿಸಿದ.

“ಇದರಾಗ ನಾ ಅದೀನಲ್ರಿ. ಇದನ್ನ ಕಳಸ್ರಿ.”

ಅದು ಮೂರನೇ ಸಲದ್ದು. ವಿಡಿಯೋ ದೊಡ್ಡದು, ಅಡವಿಯಲ್ಲಿ ಭೀಮಸಿಯ ಮೊಬೈಲಿಗೆ ಹೋಗುವುದಿಲ್ಲ ಎಂದೆ. ಹಾಗಾದರೆ ಅದರಲ್ಲಿ ಕೈ ಕೊಡುವ ಜಾಗದ್ದಷ್ಟೇ ಫೋಟೋ ಕಳಿಸಿರಿ ಎಂದ. ನಾವಿಬ್ಬರೂ ಕೈಕುಲುಕುತ್ತಿರುವ, ಅವನು ತಿರುಗಿ ನಗುತ್ತಿರುವ ಒಂದು ಚಿತ್ರ ತೆಗೆದು ಕಳಿಸಿದೆ.

ಗಾಡಿ ಹೊರಡುವ ಹೊತ್ತಿಗೆ ಉತ್ತರ ಬಂತು. ರಾಮವ್ವನ ದನಿ. ಹಿಂದೆ ಕುರಿಗಳ ಕೂಗು, ಗಾಳಿ. “ಸರ, ನೋಡೀನ್ರಿ. ನೀವ ಕೈ ಕೊಟ್ಟೀರಲ್ರಿ ಅವರಿಗಿ, ಎಷ್ಟ ನಗಾಕತ್ತಾರ! ಚಲೋ ಆಡಿದ್ರೇನ್ರಿ? ಗೆದ್ದ್ರೇನ್ರಿ?”

ಮಲಕಾರಿ ಅದನ್ನು ಕಿವಿಗೆ ಹಿಡಿದು ಎರಡು ಸಲ ಕೇಳಿದ. ಆಮೇಲೆ ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದ.

“ಹೌದು ಅಂತ ಹೇಳ್ರಿ. ನೀವ ಹೇಳಿದ್ರ ನಂಬತಾಳ.”

ಹೇಳಿದೆ. ಮೊದಲನೇ ಸಲಕ್ಕೇ ಸರಿಯಾಗಿ ಬಂತು.