ಚಿಲಕ ಹಿಡಿದ ರಾಣಿ

ಕೆಂಗೇರಿ ಉಪನಗರದ ಕಾಲೇಜಿನಲ್ಲಿ ಹಳೆಯ ದುರಂತ ನಾಟಕವೊಂದರ ತಾಲೀಮು ನಡೆದಿತ್ತು. ಯುದ್ಧದಲ್ಲಿ ಸೋತ ಮಗ ಓಡಿಬಂದು ಬಾಗಿಲು ಬಡಿದು ಕೂಗುತ್ತಾನೆ. ತಾಯಿ ರಾಣಿ ತೆಗೆಯುವುದಿಲ್ಲ. ಹೊರಗೇ ಶತ್ರುಗಳು ಅವನನ್ನು ಕೊಲ್ಲುತ್ತಾರೆ. ದನಿ ಮಗನದೆಂದು ಅವಳಿಗೆ ತಿಳಿದಿತ್ತೇ? ನಾಟಕ ಹೇಳುವುದಿಲ್ಲ.

"ಗೊತ್ತಿತ್ತಾ, ಇಲ್ವಾ? ಇವತ್ತು ಡಿಸೈಡ್ ಮಾಡು ಇಂಚರಾ. ಇಲ್ದಿದ್ರೆ ರಾಣಿ ಪಾರ್ಟು ರಾಗಿಣಿಗೆ," ಎಂದರು ನಿರ್ದೇಶಕ ಮುರಳೀಕೃಷ್ಣ.

ಮೂಲೆಯಲ್ಲಿ ಕೂತಿದ್ದ ರಾಗಿಣಿಗೆ ರಾಣಿಯ ಮಾತೆಲ್ಲ ಬಾಯಿಪಾಠವಾಗಿತ್ತು. ರಾಣಿಯ ಪಾತ್ರದ ಇಂಚರಾ ಎದ್ದು ನಿಂತಳು.

"ಗೊತ್ತಿತ್ತು ಅಂದ್ರೆ ರಾಕ್ಷಸಿ, ಇಲ್ಲ ಅಂದ್ರೆ ಪೆದ್ದಿ. ಎರಡೂ ಸುಳ್ಳು ಅನ್ಸತ್ತೆ ಸಾರ್."

"ಬಾಯಲ್ಲಿ ಬೇಡ, ಮಾಡಿ ತೋರ್ಸು."

ಕ್ಲಾಸ್‌ರೂಮಿನ ಬಾಗಿಲೇ ಅರಮನೆಯ ಬಾಗಿಲಾಯಿತು. ಮಗನ ಪಾತ್ರದ ಶ್ರೀಶ ಹೊರಗಿನಿಂದ ಧಡಧಡ ಬಡಿದ. ಇಂಚರಾ ಓಡಿಹೋಗಿ ಚಿಲಕ ಹಿಡಿದಳು. ತೆಗೆಯಲು ಹೋದ ಕೈ ಅದನ್ನು ಇನ್ನಷ್ಟು ಬಿಗಿಯಾಗಿ ಒತ್ತಿತು.

"ಯಾರದು?"

"ಅಮ್ಮಾ, ನಾನು!"

"ಯಾರದು?" ಅವನು ಬಾಯಿ ತೆರೆದಾಗಲೆಲ್ಲ ಅವಳು ಅದನ್ನೇ ಇನ್ನೂ ಜೋರಾಗಿ ಕೂಗಿದಳು. ಅವನ ಉತ್ತರ ಅವಳ ಪ್ರಶ್ನೆಯಲ್ಲೇ ಮುಳುಗಿಹೋಯಿತು. ಕೊನೆಗೆ ಬಡಿತ ನಿಂತಿತು.

ಇಂಚರಾ ಚಿಲಕ ಬಿಡಲಿಲ್ಲ.

"ಈಗ ಹೇಳಮ್ಮ, ಗೊತ್ತಿತ್ತಾ?"

"ಗೊತ್ತಿಲ್ಲ ಸಾರ್. ಗೊತ್ತಾಗೋದೇ ಬೇಡ ಅಂತ ಕೂಗ್ತಿದ್ದೆ."

ಸಾರ್ ಮಾತಾಡುವ ಮೊದಲೇ ರಾಗಿಣಿ ಎದ್ದಳು. "ಪಾರ್ಟು ಇವಳದೇ ಸಾರ್. ಲೇ ಇಂಚರಾ, ಇನ್ನಾದ್ರೂ ಬಾಗಿಲು ತೆಗಿಯೇ!"