ಸಮ್ರಾಟನಿಗೆ ಆಗದ ತಿಂಗಳು

ಜೀನ್ಸ್ ಪ್ಯಾಂಟಿನ ಅಳತೆ ತೆಗೆಯುವ ಕಂದು ಕಾಗದದ ಮೇಲೆ ಹುಲುಗೇಶ ಆ ಸಂಜೆ ಸಮುದ್ರಗಳನ್ನು ಬರೆದುಕೊಂಡು ಕೂತಿದ್ದ. ಮೇಲೆ ಹನ್ನೆರಡು ತಿಂಗಳು. ಎಡಕ್ಕೆ ಅಂಡಮಾನ್, ಮಾಲ್ಡೀವ್ಸ್, ಈಜಿಪ್ಟಿನ ಕೆಂಪು ಸಮುದ್ರ, ಇಂಡೋನೇಷ್ಯಾ. ನೀರು ತಿಳಿಯಾಗಿರುವ ತಿಂಗಳಿಗೆ ನೀಲಿ ಚಾಕ್, ಗಾಳಿ ಅಲೆಗಳ ತಿಂಗಳಿಗೆ ಕೆಂಪು ಚಾಕ್.

ಬಳ್ಳಾರಿಯ ಕೌಲ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಹದಿನಾಲ್ಕು ಮಷಿನ್ನಿನ ಹೊಲಿಗೆ ಯೂನಿಟ್ಟು ನಡೆಸುವವನಿಗೆ ಸಮುದ್ರದ ಉಸಾಬರಿ ಯಾಕೆ ಎಂದರೆ, ಅದಕ್ಕೆ ಕಾರಣ ಕುರುಗೋಡಿನ ಶರಣ. ಇಬ್ಬರೂ ಆರನೇ ಕ್ಲಾಸಿನಿಂದ ಗೆಳೆಯರು. ಶರಣನನ್ನು ಅವರದೇ ಹೊಲದ ಬಾವಿಗೆ ನೂಕಿ, ಮುಳುಗುವ ಹೊತ್ತಿಗೆ ಕೂದಲು ಹಿಡಿದೆತ್ತಿ ಈಜು ಕಲಿಸಿದವನು ಹುಲುಗೇಶ. ನಲವತ್ತು ದಾಟಿದ ಮೇಲೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಕಲಿತದ್ದೂ ಜೊತೆಯಾಗಿಯೇ. "ಇಷ್ಟ್ ವರ್ಷ ಬಾವ್ಯಾಗ ಬರೀ ಕಪ್ಪಿ ನೋಡಿದ್ವಲ್ಲಲೇ ಹುಲ್ಯಾ!" ಎಂದು ಶರಣ ಅಂದು ದೋಣಿಯಲ್ಲೇ ಕುಣಿದಿದ್ದ. ನೀರಿಗಿಳಿಯುವವರು ಜೋಡಿಯಾಗಿ ಇಳಿಯಬೇಕು, ಒಬ್ಬನ ಜೀವಕ್ಕೆ ಇನ್ನೊಬ್ಬ ಹೊಣೆ ಎಂಬುದು ಆ ವಿದ್ಯೆಯ ಮೊದಲ ಪಾಠ. ಹುಲುಗೇಶನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಸಮ್ರಾಟ ಬಂದ. ಸಿರುಗುಪ್ಪದ ಅಕ್ಕಿ ಗಿರಣಿಯವನು, ಇವರಿಗಿಂತ ಹತ್ತು ವರ್ಷ ಚಿಕ್ಕವನು. ಶರಣನದು ಕುರುಗೋಡಿನಲ್ಲಿ ಗೊಬ್ಬರದ ಅಂಗಡಿ. ಭತ್ತದ ರೈತರ ನಡುವೆ ಹೇಗೋ ಇಬ್ಬರಿಗೂ ಪರಿಚಯವಾಗಿ, ಹೋದ ವರ್ಷ ಅಂಡಮಾನಿಗೆ ಶರಣ ಅವನನ್ನೂ ಕರೆತಂದ. ಅಲ್ಲಿ ಕಲಿಸುವವನು ಮೂವರ ಉಸಿರನ್ನೂ ನೋಡಿ ಜೋಡಿ ಮಾಡಿದ. ಹುಲುಗೇಶ ಉಸಿರನ್ನು ಬೇಗಬೇಗ ಎಳೆಯುವವನು, ನಲವತ್ತು ನಿಮಿಷಕ್ಕೆ ಅವನ ಸಿಲಿಂಡರ್ ಖಾಲಿ. ಶರಣ, ಸಮ್ರಾಟ ಇಬ್ಬರೂ ನಿಧಾನದವರು, ಒಂದು ಗಂಟೆ ಆರಾಮಾಗಿ ಇರುತ್ತಿದ್ದರು. ಹುಲುಗೇಶ ಕಲಿಸುವವನ ಜೊತೆ ಮೊದಲೇ ಮೇಲೆ ಬಂದು, ದೋಣಿಯ ಅಂಚಿಗೆ ಟವೆಲ್ ಹೊದ್ದು ಕೂತು, ನೀರಿನ ಮೇಲೆ ಪಕ್ಕಪಕ್ಕದಲ್ಲಿ ಏಳುವ ಅವರಿಬ್ಬರ ಗುಳ್ಳೆಗಳನ್ನು ನೋಡುತ್ತಿದ್ದ. ಮೂರು ದಿನ ನೋಡಿದ. ಮೇಲೆ ಬಂದವರು ಯಾವುದೋ ಆಮೆಯ ಸುದ್ದಿಗೆ ಹೊಟ್ಟೆ ಹಿಡಿದು ನಕ್ಕರೆ, ಆ ಆಮೆ ತಾನೇ ಇರಬೇಕು ಅನ್ನಿಸುತ್ತಿತ್ತು.

ಈ ಸಲ ಲಿವ್‌ಅಬೋರ್ಡ್ ಪ್ರವಾಸ. ಏಳು ದಿನ ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ, ದಿನಕ್ಕೆ ಮೂರು ಸಲ ಸಮುದ್ರದೊಳಗೆ. ಒಂದು ಕೋಣೆಗೆ ಇಬ್ಬರು. ಮೂವರು ಹೋದರೆ ಒಬ್ಬ ಗುರುತಿಲ್ಲದವರ ಜೊತೆ ಮಲಗಬೇಕು. ಆ ಒಬ್ಬ ಯಾರಾಗುತ್ತಾನೆ ಎಂದು ಹುಲುಗೇಶ ಯಾರನ್ನೂ ಕೇಳಬೇಕಾಗಿರಲಿಲ್ಲ. ಎಲ್ಲಿಗೆ, ಯಾವಾಗ ಎಂಬುದನ್ನು ಮಾತ್ರ ಶರಣ ಇವನಿಗೇ ಬಿಟ್ಟಿದ್ದ. "ನೀ ಓದಿದವ, ತಿಳ್ಕೊಂಡವ. ನೀ ಅಂದಿದ್ದ ಸಮುದ್ರ, ನೀ ಅಂದಿದ್ದ ತಿಂಗಳು."

ಹೆಂಡತಿ ಜ್ಯೋತಿ ಟೀ ತಂದು ಕಾಗದದ ಪಕ್ಕ ಇಟ್ಟಳು.

"ಈ ಐದನೇ ಸಾಲು ಯಾವ ಸಮುದ್ರದ್ದ್ರಿ?"

ಅಲ್ಲಿ 'ಗಿರಣಿ' ಎಂದಷ್ಟೇ ಬರೆದಿತ್ತು. ನವೆಂಬರ್ ನಡುವಿನಿಂದ ಡಿಸೆಂಬರ್ ಮುಗಿಯುವ ತನಕ ಕಡುಗೆಂಪು. ಸಿರುಗುಪ್ಪದಲ್ಲಿ ಭತ್ತದ ಕೊಯ್ಲಾಗಿ ಗಿರಣಿಗಳ ಮುಂದೆ ಟ್ರ್ಯಾಕ್ಟರುಗಳು ಸಾಲು ನಿಲ್ಲುವ ಕಾಲ ಅದು. ಗಿರಣಿಯವನು ಸ್ವಂತ ತಂಗಿಯ ಮದುವೆಗೂ ಅಕ್ಷತೆ ಹಾಕಿ ಓಡಿ ಬರುವ ಕಾಲ.

"ಅದೂ... ಸುಮ್ನ ಅಂದಾಜಿಗೆ."

"ಗೊತ್ತಾತು ಬಿಡ್ರಿ. ಮಾಲ್ಡೀವ್ಸ್‌ಗೆ ಮಾರ್ಚ್ ತಿಂಗಳು ಅಚ್ಚ ನೀಲಿ ಐತಿ, ಮೂವರಿಗೂ ಬಿಡುವು. ನೀವು ಸುತ್ತು ಹಾಕಿದ್ದು ಮಾತ್ರ ನವೆಂಬರ್ ಕೊನಿ ವಾರಕ್ಕ." ಜ್ಯೋತಿ ಸೆರಗು ಬಾಯಿಗಿಟ್ಟು ನಕ್ಕಳು. "ಮನಿಗೆ ಸವತಿ ಬಂದಂಗ ಆಡಾಕತ್ತೀರಲ್ರಿ! ನಾ ಯಾರ್ ಜೊತಿ ನಕ್ರೂ ನಿಮಗ ಇಷ್ಟು ಉರಿಯಂಗಿಲ್ಲ."

"ಸುಮ್ನಿರು ನೀನು. ನವೆಂಬರ್‌ದಾಗ ಮಾಂಟಾ ಅಂತ ದೊಡ್ಡ ಮೀನು ಕಾಣ್ತಾವ. ಇಷ್ಟಗಲ ರೆಕ್ಕಿ."

"ಮಾರ್ಚ್‌ದಾಗ ಕಾಣಂಗಿಲ್ಲೇನು?"

"ಕಂಡ್ರ ಕಾಣ್ತಾವ," ಎಂದು ಹುಲುಗೇಶ ಟೀ ಕಡೆ ತಿರುಗಿದ.

ಸುಳ್ಳೇನೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನವೆಂಬರಿನಲ್ಲಿ ಅಂಡಮಾನಿನ ಕಡೆ ಚಂಡಮಾರುತದ ಭಯ, ಕೆಂಪು ಸಮುದ್ರದ ನೀರು ತಣ್ಣಗಾಗುವ ಹೊತ್ತು, ಇಂಡೋನೇಷ್ಯಾ ದೂರ. ಮಾಲ್ಡೀವ್ಸಿನಲ್ಲಿ ಆಗ ಗಾಳಿ ದಿಕ್ಕು ಬದಲಿಸುತ್ತದೆ, ಅಲೆ ಎದ್ದರೂ ಎದ್ದೀತು. ಏಳಲಿ. ಅಲೆಯ ಜೊತೆ ಬದುಕಬಹುದು, ಸಮ್ರಾಟನ ಜೊತೆ ಏಳು ದಿನ ಆಗುವುದಿಲ್ಲ.

ಶರಣನಿಗೆ ಫೋನ್ ಮಾಡಿ, "ತಿಂಗಳು ಗೊತ್ತಾತಲೇ. ಭಾನುವಾರ ಸಮ್ರಾಟನ ಗಿರಣಿಗೆ ಬಾ, ಇಬ್ರಿಗೂ ಕೂಡೇ ಹೇಳ್ತೀನಿ," ಎಂದ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಶರಣನ ಎದುರಿಗೇ ಸಮ್ರಾಟನ ಮುಖ ಬಾಡುವುದನ್ನು ಕಣ್ಣಾರೆ ನೋಡಬೇಕಿತ್ತು.

ಅಕ್ಟೋಬರಿನ ಆ ಭಾನುವಾರ ಬೈಕಿನಲ್ಲಿ ಹೊರಟ. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಭತ್ತದ ಗದ್ದೆಗಳು ಹಚ್ಚಹಸಿರಾಗಿ, ಮೊಣಕಾಲೆತ್ತರಕ್ಕೆ ಅಲುಗಾಡುತ್ತಿದ್ದವು. ಬಟ್ಟೆಯ ಬಣ್ಣ ನಿಲ್ಲುತ್ತದೋ ಬಿಡುತ್ತದೋ ಎಂದು ಬೆರಳಿನಲ್ಲಿ ಮುಟ್ಟಿ ಹೇಳುವ ಹುಲುಗೇಶನಿಗೆ ಗದ್ದೆಯ ಹಸಿರು ಬರೀ ಹಸಿರಾಗಿ ಕಂಡಿತು. ಎಷ್ಟು ಚೆಂದ ಎಂದುಕೊಂಡು ಗಾಡಿ ಓಡಿಸಿದ.

ಗಿರಣಿಯ ಅಂಗಳದಲ್ಲಿ ಶರಣ ಆಗಲೇ ಬಂದು ಕೂತಿದ್ದ. ಅವನೂ ಸಮ್ರಾಟನೂ ಒಂದೇ ಪೇಪರಿನಲ್ಲಿ ಒಗ್ಗರಣೆ ಮಂಡಕ್ಕಿ ಹಾಕಿಕೊಂಡು, ಒಂದೇ ಮಿರ್ಚಿಯನ್ನು ಮುರಿದು ತಿನ್ನುತ್ತಿದ್ದರು. ಹುಲುಗೇಶನ ಕಣ್ಣು ಆ ಮುರಿದ ಮಿರ್ಚಿಯ ಮೇಲೇ ನಿಂತಿತು.

"ಬಾ ಹುಲುಗೇಶಣ್ಣಾ, ದಾ ದಾ!" ಎಂದು ಸಮ್ರಾಟ ಅರ್ಧ ತೆಲುಗಿನಲ್ಲಿ ಕರೆದು ಕುರ್ಚಿ ಒರೆಸಿದ. "ಶರಣಣ್ಣ ಹೇಳಾಕತ್ತಿದ್ದ, ನೀನು ದೊಡ್ಡ ಕಾಗದದ ಮ್ಯಾಲೆ ಲೆಕ್ಕ ಹಾಕೀಯಂತ."

"ಹಾಕೀನಿ. ಮಾಲ್ಡೀವ್ಸ್. ನವೆಂಬರ್ ಕೊನಿ ವಾರ." ಹುಲುಗೇಶ ಗಂಟಲು ಸರಿಮಾಡಿಕೊಂಡ. "ಮಾರ್ಚ್ ಚಲೋ ಇತ್ತು. ಆದ್ರ ಮಾರ್ಚ್ ದೋಣಿ ಎಲ್ಲಾ ಫುಲ್ ಅಂತ, ಒಂದು ಹಾಸಿಗಿನೂ ಖಾಲಿ ಇಲ್ಲ. ಏನ್ ಮಾಡಾಕಾಗ್ತೈತಿ? ಪಾಪ, ನಿನಗ ಗಿರಣಿ ಇರ್ತೈತಿ..."

ಸಮ್ರಾಟನ ಮುಖ ಬಾಡಲಿಲ್ಲ. ಎದ್ದು ಬಂದು, ಎಣ್ಣೆಗೈಯಲ್ಲೇ ಹುಲುಗೇಶನನ್ನು ತಬ್ಬಿಕೊಂಡ.

"ಅಬ್ಬೋ! ನನ್ನ ಸಲುವಾಗಿ ಹುಡುಕೀಯಲ್ಲಣ್ಣಾ! ಈ ವರ್ಷ ಕಾಲುವಿಗೆ ನೀರು ತಡಾ ಬಿಟ್ರು. ನಾಟಿ ಸೆಪ್ಟೆಂಬರಿಗೆ ಹೋತು, ಕೊಯ್ಲು ಸಂಕ್ರಾಂತಿ ಮ್ಯಾಲೆ. ನವೆಂಬರ್‌ದಾಗ ಗಿರಣ್ಯಾಗ ಇಲಿ ಓಡಿಸ್ಕೊಂತ ಕುಂದ್ರಬೇಕಾಗಿತ್ತು ನಾನು. ಬಳ್ಳಾರ್ಯಾಗ ಕುಂತವಗ ನಮ್ಮ ನಾಟಿ ಹೆಂಗ ಗೊತ್ತಾತು?"

ಹುಲುಗೇಶ ತಬ್ಬಿಸಿಕೊಂಡು ಕಂಬದಂತೆ ನಿಂತ. ದಾರಿಯಲ್ಲಿ ಕಂಡ ಹಸಿರಿಗೆ ಈಗ ಅರ್ಥ ಬಂತು. ಅಕ್ಟೋಬರಿನಲ್ಲಿ ತೆನೆ ಬಾಗಿರಬೇಕಾದ ಪೈರು ಮೊಣಕಾಲಿಗಿತ್ತು.

ಶರಣ ಮಾತ್ರ ಮಂಡಕ್ಕಿಯ ಮೇಲಿನ ಕೈ ಎತ್ತಲಿಲ್ಲ. "ಹಂಗಾದ್ರ ನಾ ಬರಾಕಾಗಲ್ಲಲೇ," ಎಂದ.

"ಯಾಕ?"

"ನಾಟಿ ತಡಾ ಆದ್ರ ಗೊಬ್ಬರನೂ ತಡಾ. ಕಡೀ ಸಲದ ಯೂರಿಯಾ ಎಲ್ಲಾರೂ ಅದೇ ವಾರ ಕೇಳ್ತಾರ. ಅಂಗಡಿ ಮುಚ್ಚಿ ಹೋದ್ರ ನನ್ನನ್ನ ಕಾಲುವಿಗೆ ಒಗೀತಾರ ನಮ್ಮ ಮಂದಿ." ಶರಣ ನಗಲು ನೋಡಿದ, ನಗು ಬರಲಿಲ್ಲ. "ಇರಲಿ. ಮಾರ್ಚ್ ಫುಲ್ ಅಂದ್ರ ಏನ್ ಮಾಡ್ತಿ. ನೀವಿಬ್ರು ಹೋಗಿ ಬರ್ರಿ. ಒಂದೇ ಕೋಣಿ ಆಗ್ತೈತಿ, ಜೋಡಿನೂ ಆಗ್ತೈತಿ."

"ನಾ ನೋಡ್ಕೊಂತೀನಿ ಅಣ್ಣನ್ನ," ಎಂದ ಸಮ್ರಾಟ. "ಉಸಿರು ಹೆಂಗ ಉಳಿಸೋದು ಅಂತ ಕಲಿಸ್ಕೊಡ್ತೀನಿ."

ಏಳು ದಿನ. ಇಪ್ಪತ್ತೊಂದು ಸಲ ಸಮ್ರಾಟನ ಪಕ್ಕದಲ್ಲಿ ನೀರಿಗಿಳಿದು, ಅವನಿಂದ ಉಸಿರಾಟದ ಪಾಠ ಹೇಳಿಸಿಕೊಂಡು, ರಾತ್ರಿ ಅವನ ಗೊರಕೆ ಕೇಳುವುದು. ಇತ್ತ ಕುರುಗೋಡಿನಲ್ಲಿ ಶರಣ ಯೂರಿಯಾ ಚೀಲ ಎಣಿಸುತ್ತಿರುವುದು. ಹುಲುಗೇಶ ಕುರ್ಚಿ ಎಳೆದುಕೊಂಡು ಕೂತ.

"ಮಾರ್ಚ್ ಖಾಲಿ ಐತಿ," ಎಂದ.

"ಏನಂದಿ?"

"ಖಾಲಿ ಐತಿ ಅಂದೆ. ಎಷ್ಟು ಬೇಕೋ ಅಷ್ಟು ಹಾಸಿಗಿ. ಸುಳ್ಳು ಹೇಳಿದೆ."

"ಯಾಕಲೇ?"

ಹುಲುಗೇಶ ಶರಣನನ್ನು ನೋಡಲಾಗದೆ ಸಮ್ರಾಟನ ಕಡೆ ತಿರುಗಿದ. "ನೀ ಬರಬಾರದು ಅಂತ."

ಗಿರಣಿಯೊಳಗೆ ಯಾರೋ ಖಾಲಿ ಚೀಲ ಕೊಡವುತ್ತಿದ್ದರು. ಸಮ್ರಾಟ ಕೈಯನ್ನು ಪೇಪರಿಗೆ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿದ.

"ಚಲೋ ಆತು ಹೇಳಿದ್ದು," ಎಂದ ಕೊನೆಗೆ. "ಅಂಡಮಾನ್‌ದಾಗ ನೀವಿಬ್ರೂ ದಿನಾ ಆ ಬಾವಿ ಸುದ್ದಿ ತಗದು ನಗ್ತಿದ್ರಿ. ನಾ ಗ್ವಾಡಿ ಕಡಿ ಮುಖ ಮಾಡಿ ಮಲಗ್ತಿದ್ದೆ. ನನಗೂ ಉರೀತಿತ್ತು. ಆದ್ರ ತಿಂಗಳು ಹುಡುಕಿ ಸುಳ್ಳು ಹೇಳೋವಷ್ಟು ಅಲ್ಲಣ್ಣ."

ಆ ಮಾತು ಸರಿಯಾಗಿ ನಾಟಿತು.

ಶರಣ ಮಂಡಕ್ಕಿಯ ಪೇಪರನ್ನು ಉಂಡೆ ಮಾಡಿ ಎಸೆದ. "ನಾನೇನು ಎರಡು ಮನಿ ಜಗಳದಾಗಿನ ಗೋಡೆ ಏನ್ರಲೇ? ಕೇಳ್ರಿ ಇಬ್ರೂ. ಮಾರ್ಚ್. ಮೂವರೂ ಹೋಗೋದು. ನೀವಿಬ್ರು ಒಂದು ಕೋಣಿ, ನೀವಿಬ್ರೇ ಜೋಡಿ. ನಾ ಬ್ಯಾರೆಯವರ ಜೊತಿ ಇರ್ತೀನಿ."

"ಏ ಶರಣ್ಯಾ..."

"ಬಾಯಿ ಮುಚ್ಚು. ಈಗ, ನನ್ನ ಮುಂದ, ದೋಣಿಯವರಿಗೆ ಬರಿ."

ಹುಲುಗೇಶ ಫೋನ್ ತೆಗೆದು ಬರೆದ. ಚಹಾ ಬಂದು ಮುಗಿಯುವಷ್ಟರಲ್ಲಿ ದೋಣಿಯವರ ಉತ್ತರವೂ ಬಂತು. ಜಾಗ ಇದೆ. ಒಂದು ಪೂರ್ತಿ ಕೋಣೆ ಇಬ್ಬರಿಗೆ. ಇನ್ನೊಂದು ಕೋಣೆಯಲ್ಲಿ ಒಂದು ಹಾಸಿಗೆ. ಅಲ್ಲಿ ಆಗಲೇ ಜರ್ಮನಿಯವನೊಬ್ಬ ಇದ್ದಾನೆ, ತುಂಬಾ ಅನುಭವಸ್ಥ, ಸ್ನೇಹಜೀವಿ, ನಿಮ್ಮ ಗೆಳೆಯರಿಗೆ ಒಳ್ಳೆಯ ಜೊತೆಯಾಗುತ್ತಾನೆ.

ಶರಣ ಅದನ್ನು ಓದಿ, "ಭೇಷಾತು," ಎಂದು ಕೈ ತೊಳೆಯಲು ನಲ್ಲಿಯ ಕಡೆ ಹೋದ.

ಹುಲುಗೇಶ ಆ ಉತ್ತರವನ್ನು ಮತ್ತೊಮ್ಮೆ ಓದಿದ. ಸಮ್ರಾಟನೂ ಅವನ ಭುಜದ ಮೇಲಿಂದ ಬಗ್ಗಿ ಓದಿದ.

"ಸ್ನೇಹಜೀವಿ ಅಂತ," ಎಂದ ಹುಲುಗೇಶ ಮೆಲ್ಲಗೆ. "ಎಂಥವ ಇರಬೇಕಪಾ ಅವ?"

"ಅದೇ ಅಣ್ಣಾ," ಎಂದ ಸಮ್ರಾಟ ಕುರ್ಚಿಯನ್ನು ಹತ್ತಿರ ಎಳೆದುಕೊಂಡು. "ಬ್ಯಾರೆ ದೋಣಿ ಇಲ್ಲೇನು ನೋಡು."