ಅತ್ತೆ ಕಾಲು, ಸೊಸೆ ಕಾಲು

ಬೆಂಕಿಪೊಟ್ಟಣದಷ್ಟು ಅಗಲದ ಕಾರ್ಡೊಂದರ ಮೇಲೆ ಯಾರ ಹೆಸರು ಅಚ್ಚಾಗಬೇಕು ಎಂಬುದು, ರಾಜ್ಯಗಳು ಏಳುವುದಕ್ಕೂ ಬೀಳುವುದಕ್ಕೂ ಕಾರಣವಾದ ಸಂಗತಿಗಳಿಗಿಂತ ಕಿರಿದಾದುದೇನೂ ಅಲ್ಲ. ಆ ಕಾರ್ಡಿಗಾಗಿ ಒಂದೇ ಸೂರಿನಡಿಯ ಅಕ್ಕತಂಗಿಯರು ಹನ್ನೊಂದು ದಿನ ಮಾತಿಲ್ಲದೆ ಊಟ ಮಾಡಿದರು. ಇತಿಹಾಸ ಬರೆಯುವವರಿಗೆ ಪುರುಸೊತ್ತಿಲ್ಲದ ಕಾರಣ ಇದನ್ನು ಇಲ್ಲಿ ಬರೆಯಬೇಕಾಗಿದೆ.

ಕಾರ್ಡು ಕೊಡುವುದು ಕೈಕಸುಬಿನವರ ಸಂಘ. ಕಾರ್ಡಿದ್ದವರಿಗೆ ವರ್ಷದ ಮೇಳದಲ್ಲಿ ಸೂರಿನಡಿ ಒಂದು ಮೇಜು, ಮೇಜಿನ ಮುಂದೆ ಹೆಸರಿನ ಫಲಕ. ನಿಯಮ ಎರಡೇ. ವಸ್ತುವನ್ನು ಸ್ವಂತ ಕೈಯಿಂದ ಮಾಡಿರಬೇಕು. ಒಂದು ಮನೆಗೆ ಒಂದೇ ಕಾರ್ಡು.

ಇಲ್ಲಿನ ವಸ್ತು ಬೆಳಗುವ ಓಲೆ. ಪಾರ್ಟಿಗಳಲ್ಲಿ ದೀಪ ಆರಿಸಿ ಕುಣಿಯುವಾಗ ತಮ್ಮ ಮುಖ ಎಲ್ಲಿದೆಯೆಂದು ಲೋಕಕ್ಕೆ ತಿಳಿಯದೆ ಹೋದೀತು ಎಂದು ಕಳವಳಪಡುವವರು ತೊಡುವಂಥದ್ದು. ತಾಮ್ರದ ತಂತಿಯ ಸುರುಳಿ, ಅದರೊಳಗೆ ಮೆಣಸಿನಕಾಳಿನಷ್ಟು ಎಲ್‌ಇಡಿ, ಹಿಂದೆ ಅಂಗಿ ಗುಂಡಿಯಂಥ ಬ್ಯಾಟರಿ. ಮಾಡುತ್ತಿದ್ದವಳು ತಂಗಿ. ಹದಿನಾರು ವರ್ಷ ಕಿವಿಯಂತ್ರ ರಿಪೇರಿ ಅಂಗಡಿಯಲ್ಲಿ ಕೂದಲೆಳೆಯಂಥ ತಂತಿಗಳಿಗೆ ಬೆಸುಗೆ ಹಾಕಿದ್ದಳು. ಅಂಗಡಿ ಮುಚ್ಚಿದ ಮೇಲೆ ಕಿವಿಯ ಒಳಗಿನ ಕೆಲಸದಿಂದ ಹೊರಗಿನ ಕೆಲಸಕ್ಕೆ ಬಂದಳು. ನಲವತ್ತೊಂದರ ಹರೆಯದಲ್ಲೂ ಅಕ್ಕನ ಸ್ನೇಹಿತೆಯರ ಎದುರು ಅವಳ ಪರಿಚಯ 'ನಮ್ಮನೆ ಹುಡುಗಿ' ಎಂದೇ ಆಗುತ್ತಿತ್ತು. ಇಸ್ತ್ರಿ ಮಣೆಯೇ ಅವಳ ಕಾರ್ಖಾನೆ. ಯಾರಾದರೂ ಬಟ್ಟೆ ತಂದರೆ ಕಾರ್ಖಾನೆ ಎದ್ದು ನಿಲ್ಲಬೇಕು. ತನ್ನ ಹೆಸರು ಬರೆದ ಒಂದು ಮೇಜು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅಕ್ಕ ಕಲಾವಿದೆ. ಹಾಗೆಂದು ಬೇರೆ ಯಾರೂ ಹೇಳದೆ ಇದ್ದುದರಿಂದ ಆ ಹೊರೆಯನ್ನು ಅವಳೇ ಹೊತ್ತಿದ್ದಳು. ಕಾಗದದ ಮೇಲೆ ಒಂದು ಎಲೆಯೋ ಹನಿಯೋ ಬರೆದು, "ಇದಕ್ಕೆ ಸ್ವಲ್ಪ ಆತ್ಮ ತುಂಬು" ಎಂದು ತಂಗಿಯ ಮುಂದಿಡುತ್ತಿದ್ದಳು. ತಂಗಿ ಮೂರು ವೋಲ್ಟ್ ತುಂಬುತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈ ಮತ್ತು ಬಾಯಿ ಒಬ್ಬರದೇ ಆಗಿರಬೇಕೆಂದು ಎಲ್ಲೂ ಹೇಳಿಲ್ಲ.

ಅರ್ಜಿ ಬಂದ ದಿನ ತಂಗಿ ಬಾಯಿ ಬಿಟ್ಟಳು. "ಕಾರ್ಡಿಗೆ ನನ್ನ ಹೆಸರು ಹಾಕೋಣ."

"ಯಾಕೆ, ನನ್ನ ಹೆಸರಿಗೆ ಏನಾಗಿದೆ?"

"ಏನೂ ಆಗಿಲ್ಲ. ಓಲೆ ಮಾಡೋದು ನಾನು."

"ಮಾಡೋದು ನೀನೇ ಕಣೇ, ಯಾರು ಇಲ್ಲ ಅಂದ್ರು? ಪರಿಕಲ್ಪನೆ ನಂದಲ್ವಾ."

ಪೇಪರಿನ ಹಿಂದಿನಿಂದ ಭಾವ ತೀರ್ಪು ಕೊಟ್ಟ. "ಅಡುಗೆ ಚೆನ್ನಾಗಿದೆ ಅಂದ್ರೆ ಹೆಸರು ಬರೋದು ಮನೆಯಾಕೆಗೆ, ಒಲೆಗಲ್ಲ."

"ಒಲೆ ಇಲ್ದೆ ಬೇಯಿಸಿ ಬಡಿಸಕ್ಕೆ ಹೇಳಿ ಭಾವ, ತಿಂದು ನೋಡೋಣ."

ಭಾವ ಪುಟ ಮಗುಚಿದ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ಅವನು ಕಲಿತ ಏಕೈಕ ಕಸುಬು ಅದು. ಅರ್ಜಿಯಲ್ಲಿ ಅಕ್ಕನ ಹೆಸರೇ ಬಿತ್ತು. ಹನ್ನೊಂದು ದಿನದ ಮೌನ ಶುರುವಾಯಿತು.

ಮೌನ ಮುರಿದದ್ದು ಸಂಘದ ಕಾಗದ. ಮೂವರು ಪರೀಕ್ಷಕರ ಮುಂದೆ ಕೂತು, ನಲವತ್ತು ನಿಮಿಷದಲ್ಲಿ, ಅರ್ಜಿದಾರರೇ ಒಂದು ಜೊತೆ ಮಾಡಿ ತೋರಿಸಬೇಕಂತೆ. ಅಕ್ಕ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಇಸ್ತ್ರಿ ಮಣೆಯ ಹತ್ತಿರ ಬಂದು, ಕಲಾವಿದೆಗೆ ಶೋಭಿಸುವಷ್ಟೇ ತಗ್ಗಿ, "ಒಂಚೂರು ಹೇಳ್ಕೊಡು" ಎಂದಳು.

ತಂಗಿ ಹೇಳಿಕೊಟ್ಟಳು. ಬಲ್ಲವರಿಗಿರುವ ದೌರ್ಬಲ್ಯ ಅದು: ಕೆಲಸ ಕೆಡುವುದನ್ನು ನೋಡಲಾರರು, ಕೆಡಿಸುವವರು ವೈರಿಗಳೇ ಆಗಿರಲಿ.

"ನೋಡು, ಈ ಎಲ್‌ಇಡಿಗೆ ಎರಡು ಕಾಲು. ಉದ್ದದ್ದು ಪ್ಲಸ್, ಗಿಡ್ಡದ್ದು ಮೈನಸ್. ಅತ್ತೆ ಕಾಲು, ಸೊಸೆ ಕಾಲು ಅಂತ ನೆನಪಿಟ್ಕೋ. ಅತ್ತೆ ಜಾಗದಲ್ಲಿ ಸೊಸೆ ಕೂತ್ರೆ ಮನೇಲಿ ದೀಪ ಹತ್ತಲ್ಲ."

"ಉಪಮೆ ಸ್ವಲ್ಪ ಕೀಳಾಯ್ತು."

"ಕೀಳೋ ಮೇಲೋ, ಹತ್ತುತ್ತೆ."

ಮೂರು ದಿನದಲ್ಲಿ ಅಕ್ಕ ಎರಡು ಬೆರಳು ಸುಟ್ಟುಕೊಂಡು ನಾಲ್ಕು ಜೊತೆ ಮಾಡಿದಳು. ಹತ್ತಿದವು. ಐದನೆಯ ಹೊತ್ತಿಗೆ ಅವಳಿಗೆ ಇದರಲ್ಲಿ ಕಲಿಯುವಂಥದ್ದೇನೂ ಇಲ್ಲ ಎಂಬ ಜ್ಞಾನೋದಯವಾಗಿತ್ತು.

ಪರೀಕ್ಷೆ ಸಂಘದ ಮಾಳಿಗೆಯ ಕೋಣೆಯಲ್ಲಿ. ಮಡಕೆ ಮಾಡುವ ಅಧ್ಯಕ್ಷೆ, ಕಸೂತಿಯ ಕಾರ್ಯದರ್ಶಿ, ಕೊನೆಯ ಕುರ್ಚಿಯಲ್ಲಿ ಒಬ್ಬ ಮುದಿ ಗಡಿಯಾರ ರಿಪೇರಿಯವನು. ಅಧ್ಯಕ್ಷೆಯ ಮಡಕೆಗಳಲ್ಲಿ ನೀರು ನಿಲ್ಲುತ್ತಿರಲಿಲ್ಲ. ನಿಲ್ಲಬೇಕೆಂಬ ನಿರೀಕ್ಷೆಯೇ ಹಳೆಯ ಕಾಲದ್ದು ಎಂದು ಅವಳು ಭಾಷಣ ಮಾಡಿದ್ದುಂಟು. ಬೆಸುಗೆ ಕಡ್ಡಿಯ ಪೆಟ್ಟಿಗೆ ಹೊತ್ತು ತಂದ ತಂಗಿ ಗೋಡೆಯ ಪಕ್ಕ ನಿಂತಳು.

ಅಕ್ಕ ತಂತಿ ಸುತ್ತಿದಳು. ಎಲ್‌ಇಡಿಗಳನ್ನು ಅಂಗೈ ಮೇಲಿಟ್ಟು ಅಧ್ಯಕ್ಷೆಗೆ ತೋರಿಸಿದಳು. "ನೋಡಿ ಮೇಡಂ, ಕಾರ್ಖಾನೆಯವರ ಒರಟುತನ. ಒಂದು ಕಾಲು ಉದ್ದ, ಒಂದು ಗಿಡ್ಡ. ನನ್ನ ಕಣ್ಣಿಗೆ ಈ ಅಸಮಾನತೆ ಚುಚ್ಚುತ್ತೆ." ಕತ್ತರಿ ತೆಗೆದುಕೊಂಡು ನಾಲ್ಕೂ ಕಾಲುಗಳನ್ನು ಒಂದೇ ಅಳತೆಗೆ ಕತ್ತರಿಸಿದಳು.

ಅಧ್ಯಕ್ಷೆ ಮೆಚ್ಚಿ ತಲೆದೂಗಿದಳು. ಗಡಿಯಾರದವನು ಮೊದಲ ಸಲ ಕಣ್ಣು ಪೂರ್ತಿ ತೆರೆದ.

ಅತ್ತೆ ಯಾರು, ಸೊಸೆ ಯಾರು ಎಂದು ಇನ್ನು ಹೇಳುವಂತಿರಲಿಲ್ಲ. ಹೇಳುವ ಇನ್ನೊಂದು ಗುರುತಿತ್ತು: ಎಲ್‌ಇಡಿಯ ಅಂಚು ಮೈನಸ್ ಕಡೆಗೆ ತುಸು ಚಪ್ಪಟೆ. ತಂಗಿ ಒಂದು ಹೆಜ್ಜೆ ಮುಂದೆ ಬಂದು ಮೆಲ್ಲಗೆ, "ಅಕ್ಕಾ, ಅಂಚು ತಡವಿ ನೋಡು" ಎಂದಳು.

ಅಕ್ಕ ತಲೆ ಎತ್ತಲಿಲ್ಲ. "ನಮ್ಮನೆ ಹುಡುಗಿ, ಮೇಡಂ. ಪೆಟ್ಟಿಗೆ ತಂದ್ಲು. ಹೊರಗೆ ಕೂತಿರಮ್ಮ, ಏಕಾಗ್ರತೆ ಹೋಗುತ್ತೆ."

ತಂಗಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಬಾಗಿಲು ತೆರೆದೇ ಇತ್ತು.

ಮೂವತ್ತೆಂಟನೆಯ ನಿಮಿಷಕ್ಕೆ ಅಕ್ಕ ಓಲೆಗಳನ್ನು ಕಿವಿಗೆ ಹಾಕಿಕೊಂಡು, ಪರದೆ ಎಳೆಸಿ, ಬ್ಯಾಟರಿ ಸಿಕ್ಕಿಸಿದಳು. ಬಲಗಿವಿ ಬೆಳಗಿತು. ಎಡಗಿವಿ ಎಡಗಿವಿಯಾಗಿಯೇ ಉಳಿಯಿತು. ಅವಳು ಅದನ್ನು ತಟ್ಟಿದಳು, ಅಲುಗಿಸಿದಳು. ಕುಣಿಯಲಾರದವಳಿಗೆ ನೆಲವಾದರೂ ಡೊಂಕಾಗಿರುತ್ತದೆ. ಇವಳಿಗೆ ಆ ಆಸರೆಯೂ ಇರಲಿಲ್ಲ. ಆದರೆ ಪರಿಕಲ್ಪನೆ ಇತ್ತು.

"ಒಂದು ಬೆಳಕು, ಒಂದು ಕತ್ತಲೆ," ಎಂದಳು ಅಕ್ಕ. "ಆಡೋ ಮಾತು ಒಂದು ಕಿವಿ, ಆಡದೇ ಇರೋದು ಇನ್ನೊಂದು."

ಕಾರ್ಯದರ್ಶಿ ಬರೆದುಕೊಂಡಳು. ಅಧ್ಯಕ್ಷೆಯ ಕೈ ತನಗೆ ತಾನೇ ಎದೆಯ ಮೇಲೆ ಹೋಯಿತು.

ಗಡಿಯಾರದವನು ಎದ್ದು ಬಂದು ಕತ್ತಲೆಯ ಓಲೆಯನ್ನು ಕೇಳಿ ಇಸಿದುಕೊಂಡ. ಹೆಬ್ಬೆರಳಿನಿಂದ ಅಂಚು ತಡವಿದ. ಬ್ಯಾಟರಿ ಕಳಚಿ, ಅದನ್ನೇ ಮಗುಚಿ ಎರಡು ಕಾಲುಗಳ ನಡುವೆ ಒತ್ತಿ ಹಿಡಿದ. ಹತ್ತಿತು.

"ಇದು ಮಾತೂ ಅಲ್ಲ, ಮೌನಾನೂ ಅಲ್ಲಮ್ಮ. ಉಲ್ಟಾ."

"ಕೈ ತೆಗೀರಿ ಸಾರ್," ಎಂದಳು ಅಧ್ಯಕ್ಷೆ. "ಕತ್ತಲೆ ಚೆನ್ನಾಗಿತ್ತು."

"ಆ ಅಂಚಿನ ಮಾತು ಹೇಳಿದ ಹುಡುಗಿನ ಕರೀರಿ. ಅವಳು ಮಾಡ್ಲಿ, ನೋಡೋಣ."

"ಅರ್ಜೀಲಿ ಅವಳ ಹೆಸರಿಲ್ವಲ್ಲ," ಎಂದಳು ಕಾರ್ಯದರ್ಶಿ. ಜೀವಮಾನವೆಲ್ಲ ದಾರವನ್ನು ಹಿಂದಿನಿಂದ ಮುಂದಕ್ಕೆ ಎಳೆದವಳಿಗೆ ಹಿಂದಿನದು ಕಾಣಿಸಬಾರದೆಂಬ ಶಿಸ್ತಿತ್ತು.

ಒಂದರ ಎದುರು ಎರಡು ಮತದಿಂದ ಕಾರ್ಡು ಅಕ್ಕನ ಹೆಸರಿಗೆ ಬಂತು. ಒಂದು ಕಿವಿ ಮಾತ್ರ ಬೆಳಗುವಂಥದ್ದನ್ನೇ ಮೇಳಕ್ಕೆ ತರಬೇಕೆಂದು ಅಧ್ಯಕ್ಷೆ ಕೈ ಹಿಡಿದು ಹೇಳಿದಳು.

ಮನೆಗೆ ಬಂದವಳೇ ಅಕ್ಕ ಇಸ್ತ್ರಿ ಮಣೆಯ ಮುಂದೆ ನಿಂತಳು. "ಐವತ್ತು ಜೊತೆ ಬೇಕು. ಎಡಗಡೆದೆಲ್ಲ ಉಲ್ಟಾ ಹಾಕ್ಬಿಡು."

ತಂಗಿ ಬೆಸುಗೆ ಕಡ್ಡಿಯ ತುದಿ ಒರೆಸುತ್ತಿದ್ದಳು. "ಉಲ್ಟಾ ಹಾಕೋದು ನನಗೆ ಬರಲ್ಲ ಅಕ್ಕ."

"ಅದರಲ್ಲಿ ಬರೋದೇನಿದೆ? ತಪ್ಪಾಗಿ ಹಾಕಿದ್ರಾಯ್ತು."

"ಅದಕ್ಕೇ. ನಿಂಗೆ ಕೈ ಕೂತಿದೆ, ನೀನೇ ಮಾಡು."

"ಎಷ್ಟೇ ಸೊಕ್ಕು ನಿಂಗೆ. ಮನೇಲಿ ಇಟ್ಕೊಂಡು ಅನ್ನ ಹಾಕ್ತಿರೋರಿಗೆ ಹೀಗಾ?"

"ಒಂದು ಮನೆಗೆ ಒಂದೇ ಕಾರ್ಡು ತಾನೇ ಅಕ್ಕ ನಿಯಮ?"

"ಹೌದು. ಏನೀಗ?"

"ಏನಿಲ್ಲ. ಕೇಳ್ದೆ."

ಭಾವ ಪುಟ ಮಗುಚಿದ.

ಆ ವಾರವೇ ತಂಗಿ ಎರಡು ಬೀದಿ ಆಚೆ, ಹೊಲಿಗೆಯವಳ ಮಹಡಿಯ ಮೇಲೊಂದು ಕೋಣೆ ಹಿಡಿದಳು. ಆ ಮನೆಯ ವಿಳಾಸದಿಂದ ಅರ್ಜಿ ಹಾಕಿ ಪರೀಕ್ಷೆಗೆ ಕೂತಳು, ಎರಡೂ ಕಿವಿ ಬೆಳಗಿದವು. ಇದರಲ್ಲಿ ಪರಿಕಲ್ಪನೆ ಕಾಣುತ್ತಿಲ್ಲ ಎಂದು ಅಧ್ಯಕ್ಷೆ ಷರಾ ಬರೆದಳು, ಆದರೆ ನಿರಾಕರಿಸಲು ನಿಯಮವಿರಲಿಲ್ಲ. ಮೇಳದಲ್ಲಿ ಅಕ್ಕ ಹೆಬ್ಬಾಗಿಲಿನ ಎದುರು ಮೂರನೆಯ ಮೇಜಿನಲ್ಲಿ ಕೂತಳು. ತಂಗಿಗೆ ಮೂವತ್ತೊಂದನೆಯ ಮೇಜು ಸಿಕ್ಕಿತು, ಶೌಚಾಲಯದ ಬಾಗಿಲ ಪಕ್ಕ.